ಐದು ದಿನ, ನಾಲ್ಕು ಜಿಲ್ಲೆ, ಮೊಣಕಾಲು ನೋವಿನ ಇತಿಹಾಸದ ಮಾಸ್ತರರು: ದಾರಿ ಹೇಗೆ ಹಾಕಲಿ?

ಎಡೆದೊರೆ (ರಾಯಚೂರು)

ಎಲ್ಲರಿಗೂ ನಮಸ್ಕಾರ. ನಮ್ಮ ಅಪ್ಪ 31 ವರ್ಷ ಸರ್ಕಾರಿ ಪ್ರೌಢಶಾಲೆಗಳಲ್ಲಿ ಸಮಾಜವಿಜ್ಞಾನ ಕಲಿಸಿದವರು. ಈಗ ಅವರಿಗೆ 72. ಎರಡೂ ಮೊಣಕಾಲು ಸವೆದಿವೆ. ಸಮತಟ್ಟಾದ ನೆಲದಲ್ಲಿ ಕೋಲು ಹಿಡಿದು ಅರ್ಧ ಗಂಟೆ ನಡೆಯುತ್ತಾರೆ. ಮೆಟ್ಟಿಲು ಬಂದರೆ ಹತ್ತಕ್ಕೊಮ್ಮೆ ನಿಲ್ಲಬೇಕು. ಡಿಸೆಂಬರ್ ಕೊನೆಯ ವಾರ ಪುಣೆಯಿಂದ ಅಣ್ಣ ಕಾರಿನಲ್ಲಿ ಬರುತ್ತಾನೆ, ಜೊತೆಗೆ ಅತ್ತಿಗೆ ಮತ್ತು 10 ವರ್ಷದ ಅವರ ಮಗಳು. ಒಟ್ಟು ಐದು ಜನ, ಐದು ದಿನ. ಅಪ್ಪನಿಗೆ ನಮ್ಮ ಸೀಮೆಯ ಹಳೆಯ ಜಾಗಗಳನ್ನೆಲ್ಲ ತೋರಿಸಬೇಕೆಂದು ನನ್ನ ಆಸೆ.

ನಾನು ಹಾಕಿರುವ ಲೆಕ್ಕ ಹೀಗಿದೆ. ಮೊದಲ ದಿನ ಬಳ್ಳಾರಿ ಕೋಟೆ, ಸಂಗನಕಲ್ಲು. ಎರಡನೆಯ ದಿನ ಪೂರ್ತಿ ಹಂಪಿ. ಮೂರನೆಯ ದಿನ ಆನೆಗೊಂದಿ, ಅಂಜನಾದ್ರಿ, ಹಿರೇಬೆಣಕಲ್. ನಾಲ್ಕನೆಯ ದಿನ ಕೊಪ್ಪಳ, ಕುಕನೂರು, ಇಟಗಿ. ಐದನೆಯ ದಿನ ಕನಕಗಿರಿ, ಮುದಗಲ್, ಮಸ್ಕಿ ನೋಡಿಕೊಂಡು ರಾತ್ರಿಗೆ ಮನೆ. ಇದು ಆಗುವ ಮಾತೇ? ಎಲ್ಲಿ ಉಳಿಯಬೇಕು, ಯಾವುದನ್ನು ಬಿಡಬೇಕು, ದಯವಿಟ್ಟು ತಿಳಿದವರು ಹೇಳಿ.

ಮುದಗಲ್ ಕಂದಕ

ಅಕ್ಕ, ಐದನೆಯ ದಿನದ ಸಾಲು ಓದಿಯೇ ನನಗೆ ಸುಸ್ತಾಯಿತು. ನಮ್ಮ ಮುದಗಲ್ ಕೋಟೆಯನ್ನು ಊಟಕ್ಕೂ ಚಹಕ್ಕೂ ನಡುವೆ ನೋಡಿ ಹೊರಡುವುದಾದರೆ ಬರದೇ ಇರುವುದು ಒಳ್ಳೆಯದು. ಹೊರಗೆ ನೀರು ತುಂಬಿದ ಕಂದಕ, ಅದರ ಹಿಂದೆ ಒಂದರ ಒಳಗೊಂದು ಎರಡು ಗೋಡೆ, ಬಾಗಿಲಿನಲ್ಲಿ ನೇರವಾಗಿ ನುಗ್ಗಲಾಗದಂತೆ ತಿರುವು. ನಿಧಾನವಾಗಿ ನಡೆದರೆ ಮಾತ್ರ ಕಟ್ಟಿದವರ ಬುದ್ಧಿ ಗೊತ್ತಾಗುತ್ತದೆ. 1406ರಲ್ಲಿ ಮುದಗಲ್‌ನ ಅಕ್ಕಸಾಲಿಗನ ಮಗಳೊಬ್ಬಳ ಕಾರಣಕ್ಕೆ ವಿಜಯನಗರಕ್ಕೂ ಬಹಮನಿಗಳಿಗೂ ಯುದ್ಧವಾಯಿತೆಂದು ಪಾರಸಿ ಇತಿಹಾಸಕಾರ ಫಿರಿಷ್ತಾ ಬರೆದಿದ್ದಾನೆ. ಆ ಕಥೆಯನ್ನು ನಿಮ್ಮ ಅಪ್ಪನವರು ಮೊಮ್ಮಗಳಿಗೆ ಕೋಟೆಯ ಗೋಡೆಗೆ ಒರಗಿ ಕುಳಿತು ಹೇಳಬೇಕು. ಅದಕ್ಕೆ ಒಂದು ಸಂಜೆ ಬೇಕು.

ಬೂದಿಗುಡ್ಡ (ಬಳ್ಳಾರಿ)

ಬಳ್ಳಾರಿಯಿಂದ ಶುರು ಮಾಡುವ ನಿಮ್ಮ ಆಲೋಚನೆ ಸರಿಯಾಗಿದೆ, ಬಿಡಬೇಡಿ. ಜನ ನಮ್ಮ ಸೀಮೆಯ ಇತಿಹಾಸವನ್ನು ವಿಜಯನಗರದಿಂದ ಎಣಿಸುತ್ತಾರೆ. ಸಂಗನಕಲ್ಲಿನ ಗುಡ್ಡದಲ್ಲಿ ಸುಮಾರು ಐದು ಸಾವಿರ ವರ್ಷಗಳ ಹಿಂದೆ ಕಲ್ಲಿನ ಕೊಡಲಿ ಮಾಡುವ ದೊಡ್ಡ ಕೆಲಸವೇ ನಡೆಯುತ್ತಿತ್ತು. ಉಜ್ಜಿ ಉಜ್ಜಿ ಬಂಡೆಯ ಮೇಲೆ ಬಿದ್ದ ಕುಳಿಗಳು ಇಂದಿಗೂ ಇವೆ. ಬಡಿದರೆ ಗಂಟೆಯಂತೆ ದನಿ ಕೊಡುವ ಕಲ್ಲುಗಳಿವೆ. ಹೊಸಪೇಟೆ ರಸ್ತೆಯಲ್ಲಿ ಕುಡತಿನಿಯ ಬೂದಿದಿಬ್ಬವಿದೆ. ಭೀಮ ಕೊಂದ ಹಿಡಿಂಬಾಸುರನ ಚಿತೆಯ ಬೂದಿ ಎಂದು ಊರವರು ಹೇಳುತ್ತಿದ್ದರು. ದನ ಸಾಕುವವರು ತಲೆಮಾರುಗಳ ಕಾಲ ಒಟ್ಟಿದ ಸಗಣಿಯ ರಾಶಿಗೆ ಮತ್ತೆ ಮತ್ತೆ ಬೆಂಕಿ ಹಾಕಿದ್ದರಿಂದ ಆದದ್ದೆಂದು ಅಗೆತಗಳಿಂದ ತಿಳಿಯಿತು. ಕಾಲದ ಕ್ರಮದಲ್ಲೇ ಹೋಗಿ: ಬೂದಿದಿಬ್ಬ, ಅಶೋಕ, ಚಾಲುಕ್ಯರು, ರಾಯಚೂರು ಕೋಟೆ, ಕೊನೆಗೆ ವಿಜಯನಗರ. ಇತಿಹಾಸದ ಮಾಸ್ತರರಿಗೆ ಅದಕ್ಕಿಂತ ಒಳ್ಳೆಯ ದಾರಿ ಬೇರಿಲ್ಲ.

ಕೊಪಣನಗರ (ಕೊಪ್ಪಳ)

ಬೂದಿಗುಡ್ಡ ಅವರೇ, ನಿಮ್ಮ ಮಾತಿನ ಮೇಲೆ ನನಗೆ ಗೌರವವಿದೆ, ಆದರೆ ಒಪ್ಪಲಾರೆ. ಕಾಲದ ಕ್ರಮದಲ್ಲಿ ಹೊರಟರೆ ಕಾರು ಬಳ್ಳಾರಿಯಿಂದ ಮಸ್ಕಿಗೆ, ಮಸ್ಕಿಯಿಂದ ಇಟಗಿಗೆ, ಇಟಗಿಯಿಂದ ಮತ್ತೆ ಹಂಪಿಗೆ ಹಿಂದೆ ಮುಂದೆ ಓಡಬೇಕು. ಕ್ರಮ ಮಾಸ್ತರರ ತಲೆಯಲ್ಲಿ ಈಗಾಗಲೇ ಇದೆ. ಅವರ ಮೊಣಕಾಲಿಗೆ ಬೇಕಾದ ಕ್ರಮವೇ ಬೇರೆ: ಹತ್ತುವಂಥದ್ದೆಲ್ಲ ಮೊದಲ ಎರಡು ದಿನಗಳಲ್ಲಿ, ಸಮತಟ್ಟಾದದ್ದು ಕೊನೆಗೆ. ನನ್ನ ತಾಯಿಯನ್ನು ಕರೆದುಕೊಂಡು ತಿರುಗಿ ಕಲಿತ ಪಾಠವಿದು. ಮೂರನೆಯ ದಿನಕ್ಕೆ ಬಾವು ಬಂದ ಕಾಲಿಗೆ ಎಂಥ ಶಿಲ್ಪವೂ ಕಾಣಿಸುವುದಿಲ್ಲ.

ಇನ್ನೊಂದು ಮಾತು, ತಪ್ಪು ತಿಳಿಯಬೇಡಿ ತಂಗಿ. ನಿಮ್ಮ ಬರಹದಲ್ಲಿ "ನನ್ನ ಆಸೆ" ಎಂದಿದೆ. ಅಪ್ಪನವರನ್ನು ಕೇಳಿದ್ದೀರಾ?

ಎಡೆದೊರೆ (ರಾಯಚೂರು)

ಕೇಳಿರಲಿಲ್ಲ. ನಿನ್ನೆ ರಾತ್ರಿ ಊಟವಾದ ಮೇಲೆ ಕೇಳಿದೆ. ಅವರು ಹೇಳಿದ್ದನ್ನು ಹಾಗೆಯೇ ಬರೆಯುತ್ತೇನೆ.

"ಹಂಪಿಗೆ ಎಂಟು ಸಲ ಶಾಲಾ ಪ್ರವಾಸ ಕರೆದುಕೊಂಡು ಹೋಗಿದ್ದೇನೆ. ಎಂಟು ಸಲವೂ ಮಕ್ಕಳ ತಲೆ ಎಣಿಸುವುದರಲ್ಲೇ ಹಂಪಿ ಮುಗಿದಿದೆ. ಈಗ ಅಲ್ಲಿ ಒಂದೇ ಗುಡಿಯನ್ನು ಸುಮ್ಮನೆ ನೋಡಬೇಕು, ಹಜಾರ ರಾಮನ ಗುಡಿ. ಇಟಗಿಯನ್ನು ಪುಸ್ತಕದಲ್ಲಿ ಮಾತ್ರ ಕಂಡಿದ್ದೇನೆ. ಮಸ್ಕಿಯ ಶಾಸನವನ್ನು ಪ್ರತಿ ವರ್ಷ ಕಪ್ಪುಹಲಗೆಯ ಮೇಲೆ ಬರೆಯುತ್ತಿದ್ದೆ. ಬಸ್ಸಿನಲ್ಲಿ ಎಷ್ಟೋ ಸಲ ಮಸ್ಕಿ ದಾಟಿದ್ದೇನೆ, ಒಮ್ಮೆಯೂ ಇಳಿದಿಲ್ಲ."

ಆಮೇಲೆ ಎದ್ದು ಹೋಗಿ ಹಳೆಯ ಟ್ರಂಕಿನಿಂದ ಒಂದು ಹಾಳೆ ತಂದರು. ಬ್ರಾಹ್ಮಿ ಅಕ್ಷರಗಳ ಪಟ್ಟಿ, ಕೆಂಪು ಶಾಯಿಯಲ್ಲಿ ಅವರೇ ಬರೆದದ್ದು. ನಾನು ಅದನ್ನು ನೋಡಿಯೇ ಇರಲಿಲ್ಲ.

ಕೊಪಣನಗರ (ಕೊಪ್ಪಳ)

ಹಾಗಾದರೆ ದಾರಿ ತಾನಾಗಿಯೇ ತೀರ್ಮಾನವಾಯಿತು. ಮಸ್ಕಿ ನಿಮ್ಮ ಪ್ರವಾಸದ ಬಾಲವಲ್ಲ, ತಲೆ. ಗುಡ್ಡದ ಮೇಲೆ ಸ್ವಲ್ಪ ಹತ್ತಬೇಕು, ಆದ್ದರಿಂದ ಕಾಲು ಹೊಸದಿರುವಾಗಲೇ ಹೋಗಿ, ಬೆಳಗಿನ ತಂಪಿನಲ್ಲಿ.

ಆ ಬಂಡೆಯ ಮಹತ್ವ ಮಾಸ್ತರರಿಗೆ ಗೊತ್ತಿರುತ್ತದೆ, ಮೊಮ್ಮಗಳಿಗಾಗಿ ಬರೆಯುತ್ತೇನೆ. ದೇಶದ ಎಷ್ಟೋ ಕಡೆ ಬಂಡೆ, ಕಂಬಗಳ ಮೇಲೆ "ದೇವಾನಾಂಪ್ರಿಯ ಪ್ರಿಯದರ್ಶಿ" ಎಂಬ ರಾಜನ ಮಾತುಗಳು ಸಿಕ್ಕಿದ್ದವು. 1837ರಲ್ಲಿ ಜೇಮ್ಸ್ ಪ್ರಿನ್ಸೆಪ್ ಆ ಬ್ರಾಹ್ಮಿ ಲಿಪಿಯನ್ನು ಓದಿದ. ಈ ಪ್ರಿಯದರ್ಶಿ ಬೌದ್ಧ ಗ್ರಂಥಗಳು ಹೇಳುವ ಅಶೋಕನೇ ಎಂದು ವಿದ್ವಾಂಸರು ನಂಬಿದ್ದರು, ಆದರೆ ಕಲ್ಲಿನ ಮೇಲೆ ಆ ಹೆಸರು ಕಂಡಿರಲಿಲ್ಲ. 1915ರಲ್ಲಿ ಬೀಡನ್ ಎಂಬ ಗಣಿ ಎಂಜಿನಿಯರ್ ಈ ಭಾಗದಲ್ಲಿ ಚಿನ್ನ ಹುಡುಕುತ್ತಾ ಮಸ್ಕಿಯ ಗುಡ್ಡಕ್ಕೆ ಬಂದ. ಅಲ್ಲಿನ ಬಂಡೆ "ದೇವಾನಾಂಪಿಯಸ ಅಸೋಕಸ" ಎಂದು ಶುರುವಾಗುತ್ತದೆ. ಚಿನ್ನದ ಹಟ್ಟಿ ಗಣಿ ಅದೇ ಲಿಂಗಸುಗೂರು ಸೀಮೆಯಲ್ಲಿದೆ. ಅಲ್ಲಿ ಇಂದಿಗೂ ಚಿನ್ನ ತೆಗೆಯುತ್ತಾರೆ. ನನ್ನ ಮಟ್ಟಿಗೆ ಬೀಡನ್‌ಗೆ ಸಿಕ್ಕಿದ್ದು ಅದಕ್ಕಿಂತ ದೊಡ್ಡದು.

ಒಂದು ಟಾರ್ಚ್ ಒಯ್ಯಿರಿ. ಬೆಳಕನ್ನು ಎದುರಿನಿಂದ ಹಾಯಿಸಿದರೆ ಅಕ್ಷರ ಮಾಯವಾಗುತ್ತವೆ, ಪಕ್ಕದಿಂದ ಹಾಯಿಸಿದರೆ ಗೀಟುಗಳಲ್ಲಿ ನೆರಳು ಕೂತು ಓದಲು ಬರುತ್ತದೆ. ಸುಣ್ಣದ ಕಡ್ಡಿ, ನೀರು, ಎಣ್ಣೆ ಯಾವುದನ್ನೂ ಯಾವ ಶಾಸನಕ್ಕೂ ಮುಟ್ಟಿಸಬಾರದು. ಮಗುವಿಗೂ ಮೊದಲೇ ಹೇಳಿ ಕರೆತನ್ನಿ.

ಭತ್ತದ ಗದ್ದೆ (ಗಂಗಾವತಿ)

ನಾನು ಕೊಪಣನಗರ ಅವರ ಮಾತಿನ ಮೇಲೆ ರಸ್ತೆ ಹಾಕುತ್ತೇನೆ. ರಾಯಚೂರಿನಿಂದ ಹೊರಟು ಮೊದಲ ರಾತ್ರಿ ಲಿಂಗಸುಗೂರು. ಆ ಸಂಜೆ ಮುದಗಲ್. ಮರುದಿನ ಬೆಳಿಗ್ಗೆ ಮಸ್ಕಿ. ಅಲ್ಲಿಂದ ಎಲ್ಲರೂ ಸಿಂಧನೂರಿನ ಮೇಲೆ ಗಂಗಾವತಿಗೆ ಬರುತ್ತಾರೆ. ನೀವು ತಾವರಗೇರಾ ಕಡೆ ತಿರುಗಿಕೊಂಡು ಕನಕಗಿರಿಯ ಮೇಲೆ ಬನ್ನಿ. "ಕಾಲಿದ್ದವರು ಹಂಪಿ ನೋಡಬೇಕು, ಕಣ್ಣಿದ್ದವರು ಕನಕಗಿರಿ ನೋಡಬೇಕು" ಎಂದು ನಮ್ಮ ಹಿರಿಯರು ಹೇಳುತ್ತಿದ್ದರು. ಅಪ್ಪನವರ ಮೊಣಕಾಲಿಗೆ ಈ ಗಾದೆ ಹೇಳಿ ಮಾಡಿಸಿದಂತಿದೆ! ಕನಕಾಚಲಪತಿ ಗುಡಿಯ ಕಂಬಗಳ ನಡುವೆ ಕೂತರೆ ಹೊತ್ತು ಹೋದದ್ದೇ ತಿಳಿಯುವುದಿಲ್ಲ. ಊರಾಚೆ ನಾಯಕರ ಕಾಲದ ವೆಂಕಟಪತಿ ಬಾವಿಯಿದೆ. ಅದನ್ನು ಮೇಲಿನಿಂದ ನೋಡಿದರೂ ಸಾಕು.

ಎರಡನೆಯ ಮತ್ತು ಮೂರನೆಯ ರಾತ್ರಿ ಗಂಗಾವತಿಯಲ್ಲೇ ಉಳಿಯಿರಿ. ಡಿಸೆಂಬರ್ ಎಂದರೆ ಭತ್ತದ ಕೊಯ್ಲಿನ ಕಾಲ. ರಸ್ತೆಯ ಒಂದು ಬದಿಗೆ ಭತ್ತ ಒಣಹಾಕಿರುತ್ತಾರೆ, ಕೊಯ್ಲಿನ ಯಂತ್ರಗಳು ಓಡಾಡುತ್ತಿರುತ್ತವೆ. ಕತ್ತಲಾದ ಮೇಲೆ ಗಾಡಿ ಓಡಿಸಬೇಡಿ ಎಂದು ಅಣ್ಣನವರಿಗೆ ಹೇಳಿ. ಬೆಳೆಗಾರನಾಗಿ ಕೇಳಿಕೊಳ್ಳುತ್ತಿದ್ದೇನೆ.

ಅಂಜನಾದ್ರಿ ಬೇಡ, 575 ಮೆಟ್ಟಿಲು. ಹಿರೇಬೆಣಕಲ್ ಅಪ್ಪನವರಿಗೆ ಆಗುವುದೇ ಇಲ್ಲ, ಬಂಡೆಗಳ ನಡುವೆ ಏರು ದಾರಿ. ಆದರೆ ಅಣ್ಣ ಮತ್ತು ಮಗು ಹೋಗಿ ಬರಲಿ. ಬೆಳಿಗ್ಗೆ ಆರಕ್ಕೆ ಹೊರಡಬೇಕು, ತಲೆಗೆ ಎರಡು ಲೀಟರ್ ನೀರು, ಊರಿನವರೊಬ್ಬರು ಜೊತೆಗೆ. ನಾವು ಅದನ್ನು ಮೋರ್ಯರ ಗುಡ್ಡ ಎನ್ನುತ್ತೇವೆ. ಗಿಡ್ಡ ಮೈಯ ಮೋರ್ಯರು ಕಟ್ಟಿಕೊಂಡ ಮನೆಗಳು ಎಂದು ಅಜ್ಜಿ ಹೇಳುತ್ತಿದ್ದಳು. ನಿಜದಲ್ಲಿ ಕಬ್ಬಿಣ ಯುಗದ ಜನ ಸತ್ತವರಿಗಾಗಿ ಚಪ್ಪಡಿ ನಿಲ್ಲಿಸಿ ಮಾಡಿದ ಕಲ್ಮನೆಗಳು, ನೂರಾರು ಇವೆ. 2021ರಲ್ಲಿ ಯುನೆಸ್ಕೋದ ತಾತ್ಕಾಲಿಕ ಪಟ್ಟಿಗೆ ಸೇರಿತು. ಬಂಡೆಯ ಮೇಲೆ ಕೂತಿರುವ ಕಲ್ಲಿನ ನಗಾರಿಯನ್ನು ಮಗು ನೋಡಬೇಕು.

ಬೂದಿಗುಡ್ಡ (ಬಳ್ಳಾರಿ)

ಈ ದಾರಿಯಲ್ಲಿ ಬಳ್ಳಾರಿಯೇ ಇಲ್ಲವಲ್ಲ! ಬೇಸರವಾಯಿತು, ಮುಚ್ಚಿಡುವುದಿಲ್ಲ. ಆದರೆ ಮೊಣಕಾಲಿನ ವಾದಕ್ಕೆ ನನ್ನಲ್ಲಿ ಉತ್ತರವಿಲ್ಲ. ನಮ್ಮ ಕೋಟೆಗುಡ್ಡವನ್ನು ಅವರು ಹತ್ತಲಾರರು, ಸಂಗನಕಲ್ಲಿನ ಗುಡ್ಡವನ್ನೂ ಹತ್ತಲಾರರು. ಒಂದು ಪ್ರಾರ್ಥನೆ: ಬಳ್ಳಾರಿಯನ್ನು ಈ ಐದು ದಿನಗಳಿಗೆ ತುರುಕಬೇಡಿ, ಬೇರೆಯೇ ಎರಡು ದಿನ ಇಟ್ಟುಕೊಂಡು ಬನ್ನಿ. ಸಂಗನಕಲ್ಲಿನ ಹೆಸರಿನಲ್ಲಿ ಭೂವಿಜ್ಞಾನಿ ರಾಬರ್ಟ್ ಬ್ರೂಸ್ ಫೂಟ್ ನೆನಪಿನ ವಸ್ತುಸಂಗ್ರಹಾಲಯ ಬಳ್ಳಾರಿಯಲ್ಲೇ ಇದೆ. ಗುಡ್ಡ ಹತ್ತದೆಯೂ ಕೊಡಲಿಗಳನ್ನು ನೋಡಬಹುದು. ಬರುವ ದಾರಿಯಲ್ಲಿ ಸಿರುಗುಪ್ಪ ತಾಲ್ಲೂಕಿನ ನಿಟ್ಟೂರು, ಉಡೇಗೋಳ. ಅವೆರಡೂ ಬಂಡೆಗಳಲ್ಲಿ ಅಶೋಕನ ಹೆಸರಿದೆ, ಮಸ್ಕಿಯಂತೆಯೇ. ಮಾಸ್ತರರಿಗೆ ಹೇಳಿ ನೋಡಿ.

ಕೆಂಪುಬಸ್ಸು (ಸಿಂಧನೂರು)

ಕಾರಿಲ್ಲದವರೂ ಇದನ್ನು ಓದುತ್ತಿರುತ್ತಾರೆ, ಅವರಿಗಾಗಿ ಬರೆಯುತ್ತೇನೆ. ನಾನು ಈ ಜಾಗಗಳಲ್ಲಿ ಬಹುಪಾಲನ್ನು ಬಸ್ಸಿನಲ್ಲೇ ನೋಡಿದ್ದೇನೆ. ಶಕ್ತಿ ಯೋಜನೆ ಬಂದ ಮೇಲೆ ನಾವು ಮೂವರು ಗೆಳತಿಯರು ಆಧಾರ್ ಹಿಡಿದು ಭಾನುವಾರ ಭಾನುವಾರ ಹೊರಟೆವು. ನಲವತ್ತು ವರ್ಷ ದಾಟಿದ ಮೇಲೆ ಮೊದಲ ಸಲ ಮುದಗಲ್ ಕೋಟೆ ನೋಡಿದೆ, ಅದೂ ಯಾರ ಅಪ್ಪಣೆಯನ್ನೂ ಕೇಳದೆ. ಈಗ ಸಿಂಧನೂರಿನವರೆಗೆ ರೈಲೂ ಬಂದಿದೆ. ಬಸ್ಸಿನಲ್ಲಿ ಹೋಗುವವರು ದಿನಕ್ಕೆ ಒಂದೇ ಊರು ಇಟ್ಟುಕೊಳ್ಳಿ. ಇಟಗಿಗೆ ಹೋಗುವಾಗ ವಾಪಸು ಬಸ್ಸಿನ ಹೊತ್ತನ್ನು ಇಳಿದ ಕೂಡಲೇ ಕೇಳಿಕೊಳ್ಳಿ.

ಉಳಿಯುವ ವಿಷಯದಲ್ಲಿ ಒಂದು ಎಚ್ಚರಿಕೆ. ಕಳೆದ ವರ್ಷ ಒಂದು ವಸತಿಗೃಹಕ್ಕೆ ಫೋನ್‌ನಲ್ಲಿ ಹೇಳಿ ಕೋಣೆ ಕಾದಿರಿಸಿದ್ದೆವು. ರಾತ್ರಿ ಎಂಟಕ್ಕೆ ತಲುಪಿದರೆ ಕೋಣೆಯನ್ನು ಮದುವೆಯವರಿಗೆ ಕೊಟ್ಟಾಗಿತ್ತು. ಮೂವರು ಹೆಂಗಸರು ಬಸ್ ನಿಲ್ದಾಣದಲ್ಲಿ ಬೆಳಗು ಮಾಡಿದೆವು. ಮುಂಗಡ ಕಟ್ಟಿ ರಸೀದಿ ಪಡೆಯಿರಿ, ಕೆಳಮಹಡಿಯ ಕೋಣೆ ಎಂದು ಬರೆಸಿಕೊಳ್ಳಿ. ನಿಮ್ಮ ಅಪ್ಪನವರಿಗೆ ಕುರ್ಚಿಯಂತೆ ಕೂರುವ ಪಾಶ್ಚಾತ್ಯ ಶೌಚಾಲಯ ಬೇಕೇ ಬೇಕಾಗುತ್ತದೆ, ಅದನ್ನೂ ಬಾಯಿಬಿಟ್ಟು ಕೇಳಿ. ಇದನ್ನು ಯಾರೂ ಬರೆಯುವುದಿಲ್ಲ, ವಯಸ್ಸಾದವರ ಪ್ರವಾಸ ಕೆಡುವುದು ಮಾತ್ರ ಇಲ್ಲಿಯೇ.

ಕೊಪಣನಗರ (ಕೊಪ್ಪಳ)

ಕೆಂಪುಬಸ್ಸು ಅವರ ಕೊನೆಯ ಮಾತು ನೂರಕ್ಕೆ ನೂರು ಸತ್ಯ.

ಇನ್ನು ನಮ್ಮೂರು. ಕೊಪ್ಪಳದಲ್ಲಿ ಅಶೋಕನ ಎರಡು ಶಾಸನಗಳಿವೆ, ಗವಿಮಠದಲ್ಲೊಂದು, ಪಾಲ್ಕಿಗುಂಡಿನಲ್ಲೊಂದು. ಪಾಲ್ಕಿಗುಂಡು ಹೆಸರಿನಂತೆಯೇ ಪಲ್ಲಕ್ಕಿಯ ಹಾಗೆ ಬಂಡೆಗಳ ಮೇಲೆ ಬಂಡೆ ಕೂತ ಜಾಗ. ಹತ್ತುವುದು ಕಷ್ಟ, ಕೆಳಗಿನಿಂದ ನೋಡಿ ಕೈಮುಗಿಯಿರಿ. ಕೋಟೆಯನ್ನೂ ಹೊರಗಿನಿಂದಲೇ ನೋಡಬೇಕಾಗುತ್ತದೆ. 1858ರಲ್ಲಿ ಮುಂಡರಗಿ ಭೀಮರಾಯರು ಬ್ರಿಟಿಷರ ವಿರುದ್ಧ ಹೋರಾಡುತ್ತಾ ಮಡಿದ ಕೋಟೆ ಅದು. ಆ ಹೆಸರನ್ನು ಮಗುವಿನ ಕಿವಿಗೆ ಹಾಕದೆ ಮುಂದೆ ಹೋಗಬೇಡಿ. ಕಿನ್ನಾಳಕ್ಕೆ ಖಂಡಿತ ಹೋಗಿ. ಚಿತ್ರಗಾರರ ಮನೆಯಂಗಳದಲ್ಲಿ ಹಗುರ ಮರದ ಗೊಂಬೆಗಳಿಗೆ ಬಣ್ಣ ಹಚ್ಚುವುದನ್ನು ಕೂತು ನೋಡಬಹುದು. ಒಂದು ಗೊಂಬೆಯನ್ನು ಚೌಕಾಸಿ ಮಾಡದೆ ಕೊಂಡುಕೊಳ್ಳಿ.

ಕೊನೆಯ ದಿನಕ್ಕೆ ಕುಕನೂರು ಮತ್ತು ಇಟಗಿ. ಎರಡೂ ಸಮತಟ್ಟು, ಒಂದಕ್ಕೊಂದು ಹತ್ತಿರ. ಮೊದಲು ಕುಕನೂರಿನ ನವಲಿಂಗ ಗುಡಿ, ರಾಷ್ಟ್ರಕೂಟರ ಕಾಲದ್ದು, ಒಂಬತ್ತು ಗರ್ಭಗುಡಿಗಳ ಗುಂಪು. ಅದರ ಒರಟು ತೂಕ ಕಣ್ಣಲ್ಲಿ ಇರುವಾಗಲೇ ಇಟಗಿಯ ಮಹಾದೇವ ಗುಡಿಗೆ ಹೋಗಬೇಕು. ಆಗ ಬಳಪದ ಕಲ್ಲು ಶಿಲ್ಪಿಗಳಿಗೆ ಏನು ಕೊಟ್ಟಿತು ಎನ್ನುವುದು ಮಾತಿಲ್ಲದೆ ತಿಳಿಯುತ್ತದೆ. ಕಂಬಗಳನ್ನು ತಿರುಗಣೆಗೆ ಹಾಕಿ ತಿರುವಿದ್ದಾರೆ. ಉಂಗುರದಂಥ ಅಂಚುಗಳು ಇಂದಿಗೂ ಬೆರಳಿಗೆ ಚುರುಕಾಗಿ ತಾಗುವಂತಿವೆ. 1112ರಲ್ಲಿ ಆರನೆಯ ವಿಕ್ರಮಾದಿತ್ಯನ ದಂಡನಾಯಕ ಮಹಾದೇವ ಕಟ್ಟಿಸಿದ್ದು. "ದೇವಾಲಯ ಚಕ್ರವರ್ತಿ" ಎಂದು ಅಲ್ಲಿನ ಶಾಸನವೇ ಕರೆದಿದೆ. ಅದೇ ದಂಡನಾಯಕ ತಂದೆಯ ನೆನಪಿಗೆ ಮೂರ್ತಿನಾರಾಯಣನನ್ನೂ ತಾಯಿಯ ನೆನಪಿಗೆ ಚಂದ್ರಲೇಶ್ವರಿಯನ್ನೂ ಅಲ್ಲೇ ಪ್ರತಿಷ್ಠೆ ಮಾಡಿಸಿದ. ನೀವು ಅಪ್ಪನವರ ಕೈ ಹಿಡಿದು ಆ ಅಂಗಳದಲ್ಲಿ ನಡೆಯುವಾಗ ಇದು ನೆನಪಿರಲಿ.

ಇಟಗಿಯಿಂದ ಯಲಬುರ್ಗಾ, ಕುಷ್ಟಗಿ, ಲಿಂಗಸುಗೂರಿನ ಮೇಲೆ ಮನೆ. ಮಧ್ಯಾಹ್ನ ಎರಡಕ್ಕೆ ಹೊರಟುಬಿಡಿ.

ಎಡೆದೊರೆ (ರಾಯಚೂರು)

ಎಲ್ಲರಿಗೂ ಕೃತಜ್ಞತೆಗಳು. ಹಾಗೆಯೇ ಮಾಡುತ್ತೇವೆ. ಮೂರನೆಯ ದಿನ ಬೆಳಿಗ್ಗೆ ಅಣ್ಣ ಮತ್ತು ಮಗು ಮೋರ್ಯರ ಗುಡ್ಡಕ್ಕೆ, ಆಮೇಲೆ ಎಲ್ಲರೂ ಆನೆಗೊಂದಿಗೆ, ಸಂಜೆ ನಾಲ್ಕಕ್ಕೆ ಹಜಾರ ರಾಮ. ಬಂದು ಬರೆಯುತ್ತೇನೆ.

ಎಡೆದೊರೆ (ರಾಯಚೂರು)

ಮೊನ್ನೆ ರಾತ್ರಿ ಮನೆ ಸೇರಿದೆವು. ಅಪ್ಪ ಚೆನ್ನಾಗಿದ್ದಾರೆ, ಕಾಲಿಗೆ ಬಿಸಿನೀರಿನ ಚೀಲ ಇಟ್ಟುಕೊಂಡು ನಾನು ಬರೆಯುವುದನ್ನು ನೋಡುತ್ತಿದ್ದಾರೆ.

ಹೊರಡುವ ದಿನ ಬೆಳಿಗ್ಗೆ ಅಪ್ಪ ಮೊದಲು ನಮ್ಮ ಕೋಟೆಗೇ ಕರೆದೊಯ್ದರು. ಹುಟ್ಟಿದಾಗಿನಿಂದ ಬಸ್ ನಿಲ್ದಾಣಕ್ಕೆ ಹೋಗುವಾಗ ಬರುವಾಗ ಕಾಣುವ ಗೋಡೆ, ಒಳಗೆ ಹೋಗಿ ನಿಂತು ನೋಡಿದ್ದು ಈಗಲೇ. ಒಳಕೋಟೆಯ ಪಶ್ಚಿಮದ ಗೋಡೆಯಲ್ಲಿ ಸುಮಾರು 41 ಅಡಿ ಉದ್ದದ ಒಂದೇ ಕಲ್ಲು. 1294ರಲ್ಲಿ ಗೋರೆ ಗಂಗಯ್ಯ ರೆಡ್ಡಿ ಕೋಟೆ ಕಟ್ಟಿಸಿದ ವಿಷಯ ಅದರ ಮೇಲಿದೆ. ಆ ಕಲ್ಲನ್ನು ಕೋಣಗಳು ಬಂಡಿಯಲ್ಲಿ ಎಳೆದು ತಂದ ಚಿತ್ರವನ್ನೂ ಕೊರೆದಿದ್ದಾರೆ. ಅಣ್ಣನ ಮಗಳು ಕೋಣಗಳನ್ನು ಎಣಿಸಲು ಶುರು ಮಾಡಿದಳು. "ಇವರು ಕಟ್ಟಿಸಿದವನ ಹೆಸರು ಬರೆದದ್ದು ಸರಿ, ಕೋಣಗಳನ್ನೂ ಬಿಡಲಿಲ್ಲ ನೋಡು" ಎಂದರು ಅಪ್ಪ.

ಮುದಗಲ್‌ನಲ್ಲಿ ಸಂಜೆ ಎರಡು ಗಂಟೆ ಕೂತೆವು. ಅಕ್ಕಸಾಲಿಗನ ಮಗಳ ಕಥೆ ನಡೆಯಿತು. ಮಗುವಿನ ಪ್ರಶ್ನೆ: "ಆ ಹುಡುಗಿಯನ್ನು ಯಾರಾದರೂ ಕೇಳಿದರಾ?" ಅಪ್ಪನಿಗೆ ಕೂಡಲೇ ಉತ್ತರ ಹೊಳೆಯಲಿಲ್ಲ.

ಮಸ್ಕಿಗೆ ಬೆಳಿಗ್ಗೆ ಏಳೂವರೆಗೆ ತಲುಪಿದೆವು. ಅಣ್ಣ ಒಂದು ಕಡೆ, ನಾನು ಒಂದು ಕಡೆ ಹಿಡಿದು ನಾಲ್ಕು ಸಲ ನಿಂತು ಹತ್ತಿಸಿದೆವು. ಕೊಪಣನಗರ ಅವರು ಹೇಳಿದಂತೆ ಮಗು ಪಕ್ಕದಿಂದ ಟಾರ್ಚ್ ಹಿಡಿದಳು. ಅಪ್ಪ ಕೆಂಪು ಶಾಯಿಯ ಹಾಳೆ ತೆಗೆದು ಒಂದೊಂದೇ ಅಕ್ಷರವನ್ನು ಗಾಳಿಯಲ್ಲಿ ಬೆರಳಿನಿಂದ ಬರೆದು ತೋರಿಸಿದರು. ಮೊದಲ ಸಾಲು ದಾಟುವಷ್ಟರಲ್ಲಿ ಅವಳೇ "ಅ, ಸೋ, ಕ, ಸ" ಎಂದು ಓದಿದಳು. ಅಪ್ಪ ಕನ್ನಡಕ ತೆಗೆದು ಒರೆಸಿಕೊಂಡರು. ಬಹಳ ಹೊತ್ತು ಅಲ್ಲೇ ಇದ್ದೆವು. ಕೆಳಗೆ ಬಂದು ಚಹದಂಗಡಿಯಲ್ಲಿ ಮಂಡಕ್ಕಿ ಒಗ್ಗರಣೆ, ಮಿರ್ಚಿ ತಿಂದೆವು.

ಉಳಿದದ್ದನ್ನು ಬೇಗ ಹೇಳುತ್ತೇನೆ. ಕನಕಗಿರಿ ನಮಗೆಲ್ಲ ಬಹಳ ಹಿಡಿಸಿತು. ಆನೆಗೊಂದಿಯಲ್ಲಿ ದೋಣಿ ಬೇಡವೆಂದು ದಂಡೆಯಲ್ಲೇ ಉಳಿದೆವು, ಹೊಳೆಯ ನಡುಗಡ್ಡೆಯಲ್ಲಿರುವ ನವಬೃಂದಾವನಕ್ಕೆ ಹೋಗಲಿಲ್ಲ. ಮೋರ್ಯರ ಗುಡ್ಡದಿಂದ ಇಳಿದು ಬಂದ ಮಗು ಗಂಟೆಗಟ್ಟಲೆ ಕಲ್ಲಿನ ನಗಾರಿಯ ಮಾತನ್ನೇ ಆಡಿದಳು. ಹಜಾರ ರಾಮನ ಗುಡಿಯ ಪ್ರಾಕಾರದ ಹೊರಗೋಡೆಯಲ್ಲಿ ಕುದುರೆ, ಆನೆ, ಕುಣಿಯುವ ಹೆಂಗಸರ ಸಾಲುಗಳಿವೆಯಲ್ಲ, ಅಪ್ಪ ಅದನ್ನು ಒಂದು ಮೂಲೆಯಿಂದ ಇನ್ನೊಂದು ಮೂಲೆಯವರೆಗೆ ಕೋಲೂರಿಕೊಂಡು ನೋಡಿದರು. ಆ ಸಂಜೆ ಅವರು ಯಾರ ತಲೆಯನ್ನೂ ಎಣಿಸಬೇಕಿರಲಿಲ್ಲ. ವಿಠ್ಠಲ ಗುಡಿಗೆ, ಕಲ್ಲಿನ ರಥಕ್ಕೆ ಹೋಗದಿದ್ದುದಕ್ಕೆ ಅತ್ತಿಗೆಗೆ ಸ್ವಲ್ಪ ಬೇಸರವಿದೆ, ಅದು ನ್ಯಾಯವೇ.

ಇಟಗಿಯಲ್ಲಿ ನಾನು ಲೆಕ್ಕ ತಪ್ಪಿದೆ. ಎರಡಕ್ಕೆ ಹೊರಡಬೇಕಾದವರು ನಾಲ್ಕಕ್ಕೆ ಹೊರಟೆವು. ಮೂರ್ತಿನಾರಾಯಣನ ಗುಡಿಯ ವಿಷಯ ಹೇಳಿದಾಗ ಅಪ್ಪ ನಕ್ಕು, "ನೀನು ಗುಡಿ ಕಟ್ಟಿಸುವುದು ಬೇಡ, ಇನ್ನೊಂದು ಸಲ ಕರೆದುಕೊಂಡು ಬಾ" ಎಂದರು. ಕುಷ್ಟಗಿ ದಾಟುವಷ್ಟರಲ್ಲಿ ಕತ್ತಲಾಗಿತ್ತು, ಅಣ್ಣ ನಿಧಾನವಾಗಿಯೇ ಓಡಿಸಿದ.

ಬೂದಿಗುಡ್ಡ ಅವರಿಗೆ ವಿಶೇಷವಾಗಿ: ನಿಟ್ಟೂರಿನ ವಿಷಯ ಹೇಳಿದಾಗಿನಿಂದ ಅಪ್ಪ ಅದನ್ನೇ ಕೇಳುತ್ತಿದ್ದಾರೆ. ಸಂಕ್ರಾಂತಿ ಕಳೆದ ಮೇಲೆ ನಾವಿಬ್ಬರೇ ಬರೋಣ ಎಂದಿದ್ದೇವೆ. ಆ ಕಡೆಯವರು ಯಾರಾದರೂ ಇದ್ದೀರಾ?

ತುಂಗಭದ್ರೆ ದಂಡೆ (ಸಿರುಗುಪ್ಪ)

ಇದ್ದೇನೆ ಅಕ್ಕ. ಇಷ್ಟು ದಿನ ಓದುತ್ತಿದ್ದೆ, ಬರೆದಿರಲಿಲ್ಲ. ನಿಟ್ಟೂರು ನಮ್ಮ ತಾಲ್ಲೂಕಿನಲ್ಲೇ, ಹೊಳೆ ದಂಡೆಯ ಊರು. ಬರುವ ಎರಡು ದಿನ ಮೊದಲು ಇಲ್ಲಿ ಬರೆಯಿರಿ, ಸಿರುಗುಪ್ಪ ಬಸ್ ನಿಲ್ದಾಣದ ಬಳಿ ಕಾಯುತ್ತೇನೆ. ಮಧ್ಯಾಹ್ನದ ಊಟ ನಮ್ಮ ಮನೆಯಲ್ಲಿ, ಜೋಳದ ರೊಟ್ಟಿ, ಪುಂಡಿಪಲ್ಯ. ಅಪ್ಪನವರು ಆ ಹಾಳೆಯನ್ನು ಮರೆಯದೆ ತರಲಿ. ಬ್ರಾಹ್ಮಿ ಅಕ್ಷರ ನನಗೂ ಕಲಿಯಬೇಕಿದೆ.